ಗಲ್ಲಾಪೆಟ್ಟಿಗೆಯ ಬೀಗದ ಕೈ ಸಾಲ ಕೊಟ್ಟವರ ಹತ್ತಿರ ಏಕೆ?

ನಮ್ಮ ಬಳಗದ ಒಬ್ಬರ ಅಕ್ಕ ಮನೆಯಲ್ಲೇ ಜೋಳದ ಕಡಕ್ ರೊಟ್ಟಿ ಬಡಿದು ಮಾರುತ್ತಾರೆ. ಆರ್ಡರ್ ಬರುವುದು ವಾಟ್ಸಾಪ್‌ನಲ್ಲಿ, ದುಡ್ಡು ಬರುವುದು ಯುಪಿಐನಲ್ಲಿ. ಹಳೆಯ ಫೋನ್ ಕೈಕೊಟ್ಟಾಗ ತಾಲ್ಲೂಕಿನ ಮೊಬೈಲ್ ಅಂಗಡಿಗೆ ಹೋದರು. ಬಜೆಟ್ 11 ಸಾವಿರ. ಅಂಗಡಿಯ ಹುಡುಗ 22 ಸಾವಿರದ ಫೋನ್ ತೆಗೆದಿಟ್ಟ. ‘ಅಕ್ಕಾ, 108 ಮೆಗಾಪಿಕ್ಸೆಲ್ ಐತ್ರೀ. ತಿಂಗಳಿಗೆ ಬರೀ ಎರಡ್ ಸಾವಿರ, ಬಡ್ಡಿ ಇಲ್ಲ’ ಅಂದ. ಆಧಾರ್ ತೋರಿಸಿದರು, ಸಹಿ ಹಾಕಿದರು, ಫೋನ್ ತಂದರು.

ಮೂರನೇ ತಿಂಗಳು ಖಾತೆಯಲ್ಲಿ ಮುನ್ನೂರು ರೂಪಾಯಿ ಕಡಿಮೆ ಇತ್ತು. ಕಂತು ಹೋಗಲಿಲ್ಲ. ಒಂದು ದಿನ ಬೆಳಿಗ್ಗೆ ಫೋನ್ ತೆರೆದರೆ ಪರದೆಯ ಮೇಲೆ ಒಂದೇ ಸಾಲು: ಬಾಕಿ ಕಟ್ಟಿ. ವಾಟ್ಸಾಪ್ ಇಲ್ಲ, ಕರೆ ಇಲ್ಲ, ಗಿರಾಕಿಗಳ ನಂಬರ್ ಇಲ್ಲ. ಗೃಹಪ್ರವೇಶಕ್ಕೆ 400 ರೊಟ್ಟಿ ಕೇಳಿದ್ದವರು ಸಂಜೆಯೊಳಗೆ ದರ ಹೇಳಿ ಅಂದಿದ್ದರು. ಮರುದಿನ ಕಂತು ಕಟ್ಟಿ ಫೋನ್ ತೆರೆಯುವಷ್ಟರಲ್ಲಿ ಅವರು ಬೇರೆ ಕಡೆ ಹೇಳಿಯಾಗಿತ್ತು. ಅದರ ಮೇಲೆ ಕಂತು ತಪ್ಪಿದ್ದಕ್ಕೆ ದಂಡ ಬೇರೆ.

ಇದು ಅಕ್ಕನ ತಪ್ಪೇ? ನಾವು ಹಾಗೆ ಹೇಳುವುದಿಲ್ಲ. ಸಾಲದ ಜೊತೆಗೆ ಫೋನಿನೊಳಗೆ ಲಾಕ್ ಹಾಕುವ ಆ್ಯಪ್ ಕೂಡ ಬರುತ್ತದೆ ಎಂದು ಅವರಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ದುಡಿಯುವವರಿಗೆ ಫೋನ್ ಅಂದರೆ ಗಲ್ಲಾಪೆಟ್ಟಿಗೆ, ಉದ್ರಿ ಪುಸ್ತಕ, ಅಂಗಡಿ ಬಾಗಿಲು, ಮೂರೂ ಅದೇ. ಅದರ ಬೀಗದ ಕೈಯನ್ನು ಬೇರೆಯವರ ಜೇಬಿನಲ್ಲಿಟ್ಟು ವ್ಯಾಪಾರ ಮಾಡಲು ಆಗುವುದಿಲ್ಲ. ವ್ಯಾಪಾರದ ಫೋನನ್ನು ಕೈಯಲ್ಲಿರುವ ದುಡ್ಡಿಗೇ ಕೊಳ್ಳಿ ಎಂದು ನಾವು ಹೇಳುವುದು ಇದಕ್ಕೇ. ಕಂತು ಬಿಟ್ಟರೆ ಬೇರೆ ದಾರಿಯೇ ಇಲ್ಲವೆಂದರೆ, ಸಹಿಗೆ ಮೊದಲು ಒಂದು ಪ್ರಶ್ನೆ ಕೇಳಿ: ‘ಕಂತು ತಪ್ಪಿದರೆ ಫೋನ್ ಲಾಕ್ ಆಗುತ್ತದೆಯೇ?’ ಉತ್ತರವನ್ನು ಕಾಗದದಲ್ಲಿ ತೋರಿಸಲು ಹೇಳಿ.

‘ಬಡ್ಡಿ ಇಲ್ಲ’ ಎನ್ನುವ ಮಾತನ್ನೂ ನಂಬಬೇಡಿ. ಶೂನ್ಯ ಬಡ್ಡಿ ಎನ್ನುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಗದಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗದಿರಬಹುದು, ಪ್ರೊಸೆಸಿಂಗ್ ಶುಲ್ಕ ಸೇರಬಹುದು. ‘ಪೂರ್ತಿ ನಗದು ಕೊಟ್ಟರೆ ಎಷ್ಟು?’ ಎಂದು ಕೇಳಿ ನೋಡಿ. ಬಡ್ಡಿ ಎಲ್ಲಿ ಅಡಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಆ 108 ಮೆಗಾಪಿಕ್ಸೆಲ್. ಅಂತಹ ಕ್ಯಾಮೆರಾಗಳು ಸಾಮಾನ್ಯವಾಗಿ ಒಂಬತ್ತು ಚುಕ್ಕೆ ಸೇರಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ. ಅದನ್ನು ವಾಟ್ಸಾಪ್ ಇನ್ನಷ್ಟು ಕುಗ್ಗಿಸಿ ಕಳಿಸುತ್ತದೆ. ಗಿರಾಕಿಗೆ ಕಾಣುವುದು ಸಣ್ಣ ಚಿತ್ರ. ಒಂದು ರೊಟ್ಟಿಗೆ ಎರಡು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಹೆಚ್ಚಿಗೆ ಕೊಟ್ಟ 11 ಸಾವಿರ ದುಡಿಯಲು 5,500 ರೊಟ್ಟಿ ಬಡಿಯಬೇಕು. ಯಾರ ರಟ್ಟೆ? ಯಾರ ಲಾಭ?

ಸೀರೆ ಮಾರುವವರಿಗೆ, ಮದುವೆ ಫೋಟೊ ತೆಗೆಯುವವರಿಗೆ ಒಳ್ಳೆಯ ಕ್ಯಾಮೆರಾ ಬೇಕು, ಒಪ್ಪುತ್ತೇವೆ. ತೀರಾ ಅಗ್ಗದ ಫೋನ್ ಕೊಂಡು ದುಡ್ಡು ಬರುವ ಹೊತ್ತಿಗೆ ಅದು ಹ್ಯಾಂಗ್ ಆದರೆ ಅದೂ ನಷ್ಟವೇ. ಆದರೆ ಕೌಂಟರಿನಲ್ಲಿ ನಿಂತಾಗ ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ.

ಒಂದು, ಸೆಕ್ಯುರಿಟಿ ಅಪ್‌ಡೇಟ್ ಯಾವ ವರ್ಷದವರೆಗೆ? ಅದು ನಿಂತ ಫೋನಿನಲ್ಲಿ ದುಡ್ಡಿನ ಆ್ಯಪ್ ಇಡುವುದು ಬಾಗಿಲು ತೆರೆದಿಟ್ಟು ಮಲಗಿದಂತೆ. ತೀರಾ ಹಳೆಯ ಫೋನಿನಲ್ಲಿ ಆ್ಯಪ್‌ಗಳೇ ನಿಲ್ಲುತ್ತವೆ. ಆಂಡ್ರಾಯ್ಡ್ ಕಿಟ್‌ಕ್ಯಾಟ್ ಇರುವ ಫೋನ್‌ಗಳಲ್ಲಿ 2025ರ ಜನವರಿಯಿಂದ ವಾಟ್ಸಾಪ್ ನಿಂತಿತು.

ಎರಡು, ರಿಪೇರಿ ಎಲ್ಲಿ? ಸರ್ವಿಸ್ ಸೆಂಟರ್ ನಮ್ಮ ತಾಲ್ಲೂಕಿನಲ್ಲಿದೆಯೇ, ಜಿಲ್ಲಾ ಕೇಂದ್ರದಲ್ಲಿದೆಯೇ? ಡಿಸ್‌ಪ್ಲೇ ಒಡೆದರೆ, ಬ್ಯಾಟರಿ ಹೋದರೆ ಎಷ್ಟು? ಬಸ್ ಚಾರ್ಜು, ಒಂದು ದಿನದ ದುಡಿಮೆ ಸೇರಿಸಿ ಲೆಕ್ಕ ಹಾಕಿ.

ಮೂರು, ನಮ್ಮ ಊರಲ್ಲಿ ಸಿಗ್ನಲ್ ಹಿಡಿಯುವ ಸಿಮ್ ಯಾವುದು? ತಾಲ್ಲೂಕಿನಲ್ಲಿ 5ಜಿ ಬಂದರೆ ನಮ್ಮ ಹಿತ್ತಲಿಗೆ ಬಂದಂತಲ್ಲ. ಎರಡು ಸಿಮ್ ಹಾಕುವ ಫೋನೇ ಇರಲಿ. ಒಂದು ನಂಬರ್ ಮನೆಗೆ, ಒಂದು ವ್ಯಾಪಾರಕ್ಕೆ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆ. ಬ್ಯಾಂಕ್ ಖಾತೆಯನ್ನೂ ಬೇರೆ ಮಾಡಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ನೆನಪಿದೆಯಲ್ಲ? ತಮ್ಮ ಕಳಿಸಿದ ಕೈಗಡವೂ ರೊಟ್ಟಿ ಮಾರಿದ ದುಡ್ಡೂ ಒಂದೇ ಖಾತೆಯಲ್ಲಿದ್ದರೆ ಬಿಡಿಸಿ ತೋರಿಸುವುದು ಕಷ್ಟ.

ನಾಲ್ಕು, ಬಿಸಿಲಲ್ಲಿ ಪರದೆ ಕಾಣುತ್ತದೆಯೇ, ಸಂತೆಯ ಗದ್ದಲದಲ್ಲಿ ರಿಂಗ್ ಕೇಳುತ್ತದೆಯೇ? ಫೋನ್ ಹಿಡಿದು ಅಂಗಡಿಯ ಹೊರಗೆ ಬಂದು ನೋಡಿ. ಬಿಡದಿದ್ದರೆ ಬೇರೆ ಅಂಗಡಿಗೆ ಹೋಗಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ನಾಚಿಕೆ ಇಲ್ಲ. ಆದರೆ *#06# ಒತ್ತಿ 15 ಅಂಕಿಯ ಐಎಂಇಐ ನಂಬರ್ ನೋಡಿ. ಕೆವೈಎಂ ಎಂಬ ಮೂರು ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್ಎಂಎಸ್ ಕಳಿಸಿ. ಬ್ಲಾಕ್ ಆದ ಫೋನ್ ಎಂದು ಬಂದರೆ ಕೊಳ್ಳಬೇಡಿ. ಬರೀ ದುಡ್ಡು ಪಡೆಯಲಷ್ಟೇ ಬೇಕಿದ್ದರೆ ದೊಡ್ಡ ಫೋನೇ ಬೇಡ. ಗೋಡೆಯ ಕ್ಯೂಆರ್ ಚೀಟಿ, ಕನ್ನಡದಲ್ಲಿ ಮಾತಾಡುವ ಸೌಂಡ್‌ಬಾಕ್ಸ್ ಸಾಕು. ಬಟನ್ ಫೋನಿನವರಿಗೆ 2022ರಿಂದ ಯುಪಿಐ 123ಪೇ ಇದೆ.

ಕೊನೆಗೆ ಕಂಪನಿಗಳಿಗೂ ಸರ್ಕಾರಕ್ಕೂ ಒಂದು ಮಾತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಹೊಸ ಫೋನ್‌ಗಳಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್, 7 ವರ್ಷ ಬಿಡಿಭಾಗ ಕೊಡಬೇಕೆಂಬ ನಿಯಮವಿದೆ. ನಮ್ಮಲ್ಲಿ 2022ರಲ್ಲಿ ‘ರೈಟ್ ಟು ರಿಪೇರಿ’ ಪೋರ್ಟಲ್ ತೆರೆದರು. ಪೋರ್ಟಲ್ ಸಾಲದು, ಕಡ್ಡಾಯ ಬೇಕು. ಡಬ್ಬಿಯ ಮೇಲೆ ಮೆಗಾಪಿಕ್ಸೆಲ್ ದೊಡ್ಡದಾಗಿ ಬರೆಯುವವರು ಅಪ್‌ಡೇಟ್ ಮುಗಿಯುವ ದಿನಾಂಕವನ್ನೂ ಅಷ್ಟೇ ದೊಡ್ಡದಾಗಿ, ಕನ್ನಡದಲ್ಲಿ ಬರೆಯಲಿ. ಐದು ರೂಪಾಯಿ ಬಿಸ್ಕತ್ತಿನ ಪೊಟ್ಟಣದ ಮೇಲೂ ದಿನಾಂಕ ಇರುತ್ತದೆ.

ಅಕ್ಕ ಕಂತು ಮುಗಿಸಲು ಇನ್ನೂ ಎಂಟು ತಿಂಗಳಿದೆ. ಈಗ ಗಿರಾಕಿಗಳ ನಂಬರುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲೂ ಬರೆದಿಟ್ಟಿದ್ದಾರೆ. ನೀವೂ ಇವತ್ತೇ ಬರೆದಿಡಿ.