ಬಿಡಿಭಾಗಕ್ಕೆ ಮೊದಲು ಪರೀಕ್ಷೆ

ಹಳೆಯ ಮೋಟಾರು ಗಾಡಿಯೊಂದು ನಮ್ಮವರ ಬಾಗಿಲಿಗೆ ಬಂದು ನಿಲ್ಲುವುದು ಈಗ ಅಪೂರ್ವವಾದ ಸಂಗತಿಯಲ್ಲ. ಕಚೇರಿಯ ಗುಮಾಸ್ತನು ಎರಡು ಕೈ ದಾಟಿ ಬಂದ ಮಾರುತಿ 800 ಒಂದನ್ನು ಕೊಳ್ಳುತ್ತಾನೆ. ಕ್ಯಾಂಟೀನು ನಡೆಸುವವನು ಇಡ್ಲಿಯ ಹಿಟ್ಟು, ಸಾಂಬಾರಿನ ಪಾತ್ರೆ, ಕಾಯಿಪಲ್ಲೆಯ ಚೀಲಗಳನ್ನು ಸಾಗಿಸಲು ಹಳೆಯ ಓಮ್ನಿಯೊಂದನ್ನು ಹಿಡಿಯುತ್ತಾನೆ. ಕೆಲವು ಕಾಲ ಎಲ್ಲವೂ ಸುಸೂತ್ರ. ಬಳಿಕ ಒಂದು ದಿನ ಸಿಗ್ನಲ್ಲಿನಲ್ಲಿ ಗಾಡಿಯು ನಿಂತಲ್ಲೇ ಗಡಗಡ ನಡುಗುತ್ತದೆ. ಇಂಜಿನು ಒಮ್ಮೆ ಏರಿ ಒಮ್ಮೆ ಇಳಿದು ಕೊನೆಗೆ ಬಂದ್ ಬೀಳುತ್ತದೆ. ಹಿಂದಿನಿಂದ ಹಾರ್ನುಗಳ ಮೇಳ. ಅಲ್ಲಿಂದ ಗ್ಯಾರೇಜಿನ ಯಾತ್ರೆ ಮೊದಲಾಗುತ್ತದೆ.

ಈ ಯಾತ್ರೆಯ ಕ್ರಮವನ್ನು ಅನುಭವಿಗಳು ಬಲ್ಲರು. ಮೊದಲು ಪ್ಲಗ್ಗುಗಳು ಬದಲಾಗುತ್ತವೆ. ಗುಣವಾಗದಿದ್ದರೆ ಒಂದು ಸೆನ್ಸರು, ಆಮೇಲೆ ಮತ್ತೊಂದು, ಅದರ ಮೇಲೆ ಪೆಟ್ರೋಲು ಪಂಪು. ನಾಲ್ಕನೆಯ ವಸ್ತುವಿಗೆ ರೋಗ ವಾಸಿಯಾದರೆ ಮೊದಲಿನ ಮೂರರ ಹಣ ಯಾರ ಲೆಕ್ಕಕ್ಕೆ? ತಿಂಗಳ ಸಂಬಳದಲ್ಲಿ ಮನೆಬಾಡಿಗೆಯನ್ನೂ ಊರಿಗೆ ಕಳುಹಿಸುವ ಹಣವನ್ನೂ ತೆಗೆದಿಟ್ಟು ಉಳಿದುದರಲ್ಲಿ ಗಾಡಿ ಸಾಕುವವನಿಗೆ ಈ ಪ್ರಶ್ನೆ ಚಿಕ್ಕದಲ್ಲ. ಮಿಸ್ತ್ರಿಗಳ ಶ್ರಮದ ವಿಷಯದಲ್ಲಿ ನಮಗೆ ಗೌರವವಿದೆ. ನಮ್ಮ ಆಕ್ಷೇಪವಿರುವುದು ಊಹೆಯನ್ನೇ ಪರೀಕ್ಷೆಯೆಂದು ಭಾವಿಸುವ ಪದ್ಧತಿಯ ಮೇಲೆ. ಯಾವ ಅಳತೆಯ ಆಧಾರದಿಂದ ಈ ಭಾಗವು ಕೆಟ್ಟಿದೆಯೆಂದು ತಿಳಿಯಿತು ಎಂಬುದನ್ನು ಹೇಳದೆ ಯಾವ ಭಾಗವನ್ನೂ ಬದಲಿಸಗೊಡಬಾರದು ಎಂಬುದೇ ನಮ್ಮ ವಾದ.

ಈ ಪದ್ಧತಿ ಬೆಳೆದುದಕ್ಕೆ ಕಾರಣವಿಲ್ಲದಿಲ್ಲ. ಕಾರ್ಬುರೇಟರಿನ ಕಾಲದಲ್ಲಿ ಇಂಜಿನು ತಡವರಿಸಿದರೆ ಮಿಸ್ತ್ರಿಯು ಒಂದು ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ, ಕಿವಿಯಿಂದಲೇ ನಾಡಿ ಹಿಡಿಯುತ್ತಿದ್ದನು. ಅದು ನಿಜವಾದ ವಿದ್ಯೆಯಾಗಿತ್ತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿ ರಾಜಧಾನಿ ಪ್ರದೇಶದ ಹೊಸ ಕಾರುಗಳಿಗೆ ಯೂರೋ ಮಟ್ಟದ ಹೊಗೆಯ ನಿಯಮವನ್ನು ವಿಧಿಸಿದ ಮೇಲೆ ಕಾರ್ಬುರೇಟರು ಹಿಂದೆ ಸರಿದು, ಹಿಂಭಾಗದಲ್ಲಿ ‘ಎಂ.ಪಿ.ಎಫ್.ಐ.’ ಎಂದು ಬರೆದುಕೊಂಡ ಗಾಡಿಗಳು ಬೀದಿಗಳನ್ನು ತುಂಬಿದವು. ಮಾರುತಿ 800ರ ತಯಾರಿಕೆ 2014ರಲ್ಲಿಯೂ ಓಮ್ನಿಯದು 2019ರಲ್ಲಿಯೂ ನಿಂತಿತು. ಆದರೆ ಗಾಡಿಗಳು ಇನ್ನೂ ಓಡುತ್ತಿವೆ. ಇವುಗಳಲ್ಲಿ ಸ್ಕ್ರೂ ತಿರುಗಿಸುವುದು ಚಿಕಿತ್ಸೆಯಾಗದು. ಥ್ರಾಟಲಿನ ಸ್ಕ್ರೂವನ್ನು ಬಲವಂತವಾಗಿ ಏರಿಸಿದರೆ, ಥ್ರಾಟಲು ಪೂರ್ಣ ಮುಚ್ಚಿದೆಯೆಂಬ ಸುದ್ದಿಯು ಕಂಪ್ಯೂಟರಿಗೆ ಸರಿಯಾಗಿ ತಲಪದೆ, ಒಂದು ದೋಷವು ಎರಡಾಗುತ್ತದೆ.

ಯಂತ್ರದ ಮರ್ಮವನ್ನು ಸ್ವಲ್ಪ ತಿಳಿದುಕೊಳ್ಳುವುದು ಲೇಸು. ಆಕ್ಸಲರೇಟರಿನಿಂದ ಕಾಲು ತೆಗೆದಾಗ ಥ್ರಾಟಲಿನ ಬಾಗಿಲು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಇಂಜಿನು ಬದುಕಿರಲು ಬೇಕಾದ ಅಲ್ಪ ಗಾಳಿಯು ಪಕ್ಕದ ಒಂದು ಸಣ್ಣ ದಾರಿಯಿಂದ ಹೋಗುತ್ತದೆ. ಐಡ್ಲ್ ವಾಲ್ವ್ ಎಂಬ ಭಾಗವು ಕಂಪ್ಯೂಟರಿನ ಅಪ್ಪಣೆಯಂತೆ ಆ ದಾರಿಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ವರ್ಷಗಟ್ಟಲೆ ಮಸಿ ಕಟ್ಟಿದರೆ ದಾರಿ ಕಿರಿದಾಗುತ್ತದೆ, ಎ.ಸಿ. ಹಾಕಿದೊಡನೆ ಇಂಜಿನು ಕುಸಿಯುತ್ತದೆ. ಇದಕ್ಕೆ ಹೊಸ ವಾಲ್ವಿಗಿಂತ ಮೊದಲು ಬೇಕಾದುದು ತಕ್ಕ ದ್ರಾವಕದಿಂದ ಒಂದು ಸಲ ತೊಳೆಯುವುದು. ತೊಳೆದ ಬಳಿಕ, ಇಲ್ಲವೆ ಬ್ಯಾಟರಿಯ ತಂತಿ ಬಿಚ್ಚಿ ಹಾಕಿದ ಬಳಿಕ, ಕಂಪ್ಯೂಟರು ತನ್ನ ಪಾಠವನ್ನು ಮತ್ತೆ ಕಲಿಯಲು ಸ್ವಲ್ಪ ಓಟ ಬೇಕಾಗುತ್ತದೆ. ಆ ಅವಧಿಯ ತಡವರಿಕೆಯನ್ನೇ ಹೊಸ ರೋಗವೆಂದು ಬಗೆದು ಮತ್ತೊಂದು ಬಿಲ್ಲು ಮಾಡಿಸಿಕೊಂಡವರೂ ಇದ್ದಾರೆ.

ಹಣ ಖರ್ಚಿಲ್ಲದ ಪರೀಕ್ಷೆಗಳೇ ಮುಕ್ಕಾಲು ಕೆಲಸ ಮಾಡುತ್ತವೆ. ದೋಷವು ಬೆಳಗಿನ ತಣ್ಣನೆಯ ಇಂಜಿನಿನಲ್ಲಿಯೋ, ಕಾದ ಮೇಲೆಯೋ? ವೇಗದಲ್ಲಿ ಸರಿಯಾಗಿ ಓಡಿ, ನಿಂತಾಗ ಮಾತ್ರ ನಡುಗುತ್ತದೆಯೋ? ಮುಂಬಯಿ, ಪುಣೆ, ದೆಹಲಿಗಳಲ್ಲಿ ಸಿ.ಎನ್.ಜಿ. ಕೂಡಿಸಿದ ಹಳೆಯ ಗಾಡಿಗಳು ಹೇರಳವಾಗಿರುವುದರಿಂದ ಇನ್ನೊಂದು ಪ್ರಶ್ನೆ ಬಹು ಮುಖ್ಯ: ಪೆಟ್ರೋಲಿನಲ್ಲಿಯೂ ಗ್ಯಾಸಿನಲ್ಲಿಯೂ ಒಂದೇ ರೀತಿ ಬಂದ್ ಬೀಳುತ್ತದೆಯೇ? ಒಂದರಲ್ಲಿ ಮಾತ್ರವೆಂದರೆ ದೋಷವು ಬಹುತೇಕ ಆ ಇಂಧನದ ದಾರಿಯಲ್ಲಿದೆ. ಎರಡರಲ್ಲಿಯೂ ಎಂದರೆ ಪೆಟ್ರೋಲು ಪಂಪನ್ನು ದೂರುವುದು ವ್ಯರ್ಥ. ಗಾಳಿ, ಕಿಡಿ, ಕಂಪ್ರೆಶನ್ ಇವುಗಳ ಕಡೆಗೆ ನೋಡಬೇಕು. ಒಂದು ಸ್ವಿಚ್ಚನ್ನು ಒತ್ತಿ ತಿಳಿಯಬಹುದಾದ ಈ ಸಂಗತಿಯನ್ನು ಕೇಳದೆಯೇ ಪಂಪು ಮಾರಿದ ಗ್ಯಾರೇಜುಗಳಿಗೆ ಏನೆನ್ನೋಣ! ಈಚೆಗೆ ಎಲ್ಲ ದೋಷಗಳನ್ನೂ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲಿನ ತಲೆಗೆ ಕಟ್ಟುವುದೂ ಒಂದು ರೂಢಿಯಾಗಿದೆ. ಹಳೆಯ ರಬ್ಬರಿಗೆ ಅದರಿಂದ ಹಾನಿಯಾಗಬಹುದೆಂಬುದು ದಿಟ. ಆದರೆ ಕೊಳವೆಯನ್ನು ಕಣ್ಣಿಂದ ನೋಡದೆ ಎಥನಾಲನ್ನು ಬೈಯುವುದೂ ಊಹೆಯೇ.

ಹಳೆಯ ಗಾಡಿಗಳಲ್ಲಿ ತುಂಬ ಸಾಮಾನ್ಯವಾದ ದೋಷವೆಂದರೆ ಕಳ್ಳಗಾಳಿ. ಒಣಗಿ ಸೀಳಿದ ರಬ್ಬರು ಕೊಳವೆ, ಸವೆದ ಗ್ಯಾಸ್ಕೆಟ್ಟು ಇವುಗಳ ಮೂಲಕ ಲೆಕ್ಕಕ್ಕೆ ಸಿಕ್ಕದ ಗಾಳಿಯು ಒಳನುಗ್ಗುತ್ತದೆ. ಒಳಬರುವ ಗಾಳಿಯನ್ನೇ ಅಳೆಯುವ ಸೆನ್ಸರುಳ್ಳ ಗಾಡಿಯಲ್ಲಿ ಮಿಶ್ರಣವು ತೆಳುವಾಗಿ ಇಂಜಿನು ನಡುಗುತ್ತದೆ. ಒಳಗಿನ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರಿನ ಗಾಡಿಯಲ್ಲಾದರೋ, ಕಂಪ್ಯೂಟರು ಆ ಗಾಳಿಗೆ ತಕ್ಕ ಪೆಟ್ರೋಲನ್ನೂ ಕೊಟ್ಟುಬಿಡುವುದರಿಂದ ಇಂಜಿನು ಬೇಕಾದುದಕ್ಕಿಂತ ಜೋರಾಗಿ ತಿರುಗುವುದು ಅಥವಾ ಏರಿಳಿಯುವುದು ಹೆಚ್ಚು. ಹೀಗೆ ಒಂದೇ ರೋಗಕ್ಕೆ ಎರಡು ಲಕ್ಷಣ. ಸೋರಿಕೆಯನ್ನು ಹುಡುಕಲು ಹೊಗೆ ಹಾಯಿಸುವ ಯಂತ್ರವೇ ಉತ್ತಮ. ಕಾದ ಇಂಜಿನಿನ ಮೇಲೆ ಉರಿಯುವ ದ್ರಾವಕವನ್ನು ಸಿಂಪಡಿಸಿ ನೋಡುವ ಚಾಳಿ ಬೆಂಕಿಗೆ ಆಹ್ವಾನ.

ನಿರ್ವಾತವನ್ನು ಅಳೆಯುವ ಗೇಜು ಅಗ್ಗದ ಉಪಕರಣ. ಇದನ್ನು ಇಟ್ಟುಕೊಳ್ಳದ ಮಿಸ್ತ್ರಿಯ ಮೇಲೆ ನಮಗೆ ಭರವಸೆ ಕಡಿಮೆ. ಸಮುದ್ರಮಟ್ಟದ ಮುಂಬಯಿ, ಚೆನ್ನೈಗಳಲ್ಲಿ ಆರೋಗ್ಯವಂತ ಇಂಜಿನು ಐಡ್ಲಿನಲ್ಲಿ ಸಾಮಾನ್ಯವಾಗಿ 17ರಿಂದ 21 ಅಂಗುಲ ಪಾದರಸವನ್ನು ತೋರಿಸುತ್ತದೆ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದು ಅಂಗುಲ ಇಳಿಯುವುದು ಸಹಜ. ಆದ್ದರಿಂದ ಪುಣೆ, ಹೈದರಾಬಾದುಗಳಲ್ಲಿ ಹತ್ತಿರ ಹತ್ತಿರ ಎರಡು ಅಂಗುಲ, ರಜೆಗೆ ಬೆಂಗಳೂರಿಗೆ ಹೋದರೆ ಮೂರು ಅಂಗುಲ ಕಡಿಮೆ ಕಂಡರೆ ಅದು ರೋಗವೆನಿಸದು. ಮುಳ್ಳು ನಿಯತಕಾಲದಲ್ಲಿ ಒಂದೇ ಸಮನೆ ಹೊಡೆದುಕೊಂಡರೆ ಮಾತ್ರ ಒಂದು ಸಿಲಿಂಡರಿನ ವಾಲ್ವನ್ನೋ ಕಿಡಿಯನ್ನೋ ಶಂಕಿಸಬೇಕು. ಇಂಜೆಕ್ಟರುಗಳ ಪ್ಲಗ್ಗನ್ನು ಒಂದೊಂದಾಗಿ ಕಳಚಿದಾಗ ಯಾವುದರಿಂದ ಇಂಜಿನಿನ ಓಟದಲ್ಲಿ ವ್ಯತ್ಯಾಸವಾಗದೋ ಆ ಸಿಲಿಂಡರೇ ಕೆಲಸಗಳ್ಳ.

ಇನ್ನು ಸ್ಕ್ಯಾನರಿನ ಮಾತು. ನಮ್ಮ ದೇಶದಲ್ಲಿ ಗಾಡಿಯೇ ತನ್ನ ದೋಷವನ್ನು ವರದಿ ಮಾಡಬೇಕೆಂಬ ಓ.ಬಿ.ಡಿ. ನಿಯಮವು ಬಂದುದು 2010ರ ಭಾರತ್ ಸ್ಟೇಜ್ 4ರ ಜೊತೆಗೆ. ಅದಕ್ಕಿಂತ ಹಳೆಯ ಎಷ್ಟೋ ಗಾಡಿಗಳಿಗೆ ಅಂಗಡಿಯ ಸಾಮಾನ್ಯ ಸ್ಕ್ಯಾನರು ಒಗ್ಗುವುದಿಲ್ಲ. ಒಗ್ಗಿದರೂ ಅದು ಕೊಡುವ ಸಂಖ್ಯೆ ದೂರಿನ ಅರ್ಜಿಯೇ ಹೊರತು ತೀರ್ಪಲ್ಲ. ಮಿಶ್ರಣ ತೆಳುವಾಗಿದೆಯೆಂದು ಆಕ್ಸಿಜನ್ ಸೆನ್ಸರು ಹೇಳಿದೊಡನೆ ಆ ಸೆನ್ಸರನ್ನೇ ಕಿತ್ತೊಗೆಯುವುದು ಪದ್ಧತಿಯಾಗಿದೆ. ಅದು ಎಣಿಸುವುದು ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಒಂದು ಸಿಲಿಂಡರು ಉರಿಯದಿದ್ದರೆ ಅದರ ಆಮ್ಲಜನಕವೆಲ್ಲ ಹಾಗೆಯೇ ಹೊರಬಿದ್ದು, ಸೆನ್ಸರು ಪ್ರಾಮಾಣಿಕವಾಗಿ ‘ತೆಳು’ ಎನ್ನುತ್ತದೆ. ದೂತನನ್ನು ಕೊಲ್ಲಬಾರದೆಂದು ವಿಭೀಷಣನು ರಾವಣನಿಗೆ ಹೇಳಿದ ನೀತಿ ಗ್ಯಾರೇಜಿಗೂ ಸಲ್ಲುತ್ತದೆ.

ಕಾದ ಮೇಲೆ ಮಾತ್ರ ಬಂದ್ ಬಿದ್ದು, ಅರ್ಧ ಗಂಟೆ ಆರಿದ ಮೇಲೆ ತಾನಾಗಿ ಹೊರಡುವ ಗಾಡಿಯ ದೋಷ ಎಲ್ಲಕ್ಕಿಂತ ಚಾಲಾಕಿನದು. ಗ್ಯಾರೇಜಿಗೆ ತಲಪುವಷ್ಟರಲ್ಲಿ ಅದು ಸಾಧುವಾಗಿರುತ್ತದೆ. ಕ್ರ್ಯಾಂಕ್ ಸೆನ್ಸರು, ಇಗ್ನಿಶನ್ ಕಾಯಿಲು, ಪಂಪಿನ ರಿಲೇ ಇವುಗಳ ಮೇಲೆ ಸಂಶಯ ಸಹಜವಾದರೂ, ಗಾಡಿ ಬಂದ್ ಬಿದ್ದ ಕ್ಷಣದಲ್ಲಿಯೇ ಕಿಡಿ ಇದೆಯೇ, ಪೆಟ್ರೋಲಿನ ಒತ್ತಡ ಇದೆಯೇ ಎಂದು ನೋಡಿದ ಹೊರತು ನಿರ್ಣಯವಾಗದು. ಗಾಡಿಯನ್ನು ಒಂದು ದಿನ ಗ್ಯಾರೇಜಿನಲ್ಲಿ ಬಿಟ್ಟು, ಕಾಯಿಸಿ ಪರೀಕ್ಷಿಸಲು ಹೇಳಿ. ಆ ದಿನದ ಕೂಲಿ ಬೇಡದ ಬಿಡಿಭಾಗದ ಬೆಲೆಗಿಂತ ಅಗ್ಗ. ಅಲ್ಲಿಯವರೆಗೆ ಅಂಥ ಗಾಡಿಯನ್ನು ಖಂಡಾಳಾ ಘಾಟಿನ ಇಳಿಜಾರಿಗೆ ಒಯ್ಯಬಾರದು. ಇಂಜಿನು ನಿಂತೊಡನೆ ಪವರ್ ಸ್ಟಿಯರಿಂಗು ಕಲ್ಲಿನಂತಾಗುತ್ತದೆ. ನಿರ್ವಾತದ ಬಲದಿಂದ ನಡೆಯುವ ಬ್ರೇಕು ಒಂದೆರಡು ಸಲ ಒತ್ತಿದ ಬಳಿಕ ಕಾಲಿನ ಪೂರ್ಣ ಬಲವನ್ನು ಬೇಡುತ್ತದೆ.