ಮಾತೂ ಲೆಕ್ಕವೂ ಕೂಡುವಲ್ಲಿ

ಬುದ್ಧಿಯನ್ನು ಕೆಣಕುವ ಚುಟುಕು ಸಮಸ್ಯೆಗಳನ್ನು, ಅವು ಮಾತಿನ ಚಮತ್ಕಾರವನ್ನು ನೆಚ್ಚಿದವಾಗಿರಲಿ, ಲೆಕ್ಕವನ್ನು ನೆಚ್ಚಿದವಾಗಿರಲಿ, ಮಕ್ಕಳ ಪುಟಕ್ಕೋ ಪುಟದಲ್ಲಿ ಉಳಿದ ಜಾಗಕ್ಕೋ ಮೀಸಲಿಡುವುದು ಪತ್ರಿಕೆಗಳ ರೂಢಿ. ಹಳೆಯ ವಿದ್ವಾಂಸರು ಇವುಗಳಿಗೆ ಇದಕ್ಕಿಂತ ಹೆಚ್ಚಿನ ಮನ್ನಣೆ ಕೊಟ್ಟಿದ್ದರು. ‘ಕವಿರಾಜಮಾರ್ಗ’ಕ್ಕೆ ಮುಖ್ಯ ಆಕರವಾದ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ದಂಡಿಯು ಪ್ರಹೇಳಿಕೆಯನ್ನು, ಅಂದರೆ ಅರ್ಥವನ್ನು ಮರೆಮಾಡಿ ಕೇಳುವ ಒಗಟಿನ ಪದ್ಯವನ್ನು, 16 ಬಗೆಯಾಗಿ ವಿಂಗಡಿಸಿ, ಗೋಷ್ಠಿಗಳ ವಿನೋದಕ್ಕೂ ಗುಂಪಿನ ನಡುವೆ ಗುಟ್ಟಾಗಿ ಮಾತಾಡುವುದಕ್ಕೂ ಎದುರಿಗಿರುವವರನ್ನು ತಬ್ಬಿಬ್ಬುಗೊಳಿಸುವುದಕ್ಕೂ ಅದು ಒದಗುತ್ತದೆಂದು ಹೇಳಿದ್ದಾನೆ.

‘ಕವಿರಾಜಮಾರ್ಗ’ ಹುಟ್ಟಿದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ (814–878). ಅದೇ ದೊರೆಯನ್ನು ಗ್ರಂಥಾರಂಭದಲ್ಲಿ ಸ್ತುತಿಸಿರುವ ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು, ಸಂಗೀತ, ನಾಟಕ, ಪಾಕ, ವೈದ್ಯಗಳಿಗಷ್ಟೇ ಅಲ್ಲದೆ ಛಂದಸ್ಸು, ಅಲಂಕಾರ, ವ್ಯಾಕರಣಗಳಿಗೂ ಗಣಿತವೇ ಆಧಾರವೆಂದು ಸಾರುತ್ತದೆ. 139ನ್ನು 109ರಿಂದ ಗುಣಿಸಿದರೆ ಬರುವ 15151ರಂತೆ, ಎರಡು ತುದಿಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಆತ ಹಾರಗಳೆಂದು ಕಂಡದ್ದರಲ್ಲಿ ಕವಿಯ ಕಣ್ಣೂ ಇದೆ.

ಆತನ ಲೆಕ್ಕಗಳಲ್ಲಿ ಬಹಳ ಸೊಗಸಾದದ್ದು ಮೂವರು ವರ್ತಕರದು. ದಾರಿಯಲ್ಲಿ ಬಿದ್ದಿದ್ದ ಹಣದ ಚೀಲವನ್ನು ಕಂಡು, ಅದು ತನಗೆ ದಕ್ಕಿದರೆ ತನ್ನ ಹಣ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟಾಗುತ್ತದೆಂದು ಮೊದಲನೆಯವನು, ಮೂರರಷ್ಟಾಗುತ್ತದೆಂದು ಎರಡನೆಯವನು, ಐದರಷ್ಟಾಗುತ್ತದೆಂದು ಮೂರನೆಯವನು ಹೇಳುತ್ತಾರೆ. ಯಾರಲ್ಲಿ ಎಷ್ಟಿತ್ತು, ಚೀಲದಲ್ಲಿ ಎಷ್ಟಿತ್ತು ಎಂಬುದು ಪ್ರಶ್ನೆ. ಮೊದಲನೆಯವನ ಮಾತಿನಂತೆ ಉಳಿದಿಬ್ಬರ ಹಣವು ಚೀಲವೂ ಸೇರಿದ ಒಟ್ಟು ಮೊತ್ತದ ಮೂರನೆಯ ಒಂದು ಪಾಲು, ಎರಡನೆಯವನ ಮಾತಿನಂತೆ ಕಾಲು ಪಾಲು, ಮೂರನೆಯವನ ಮಾತಿನಂತೆ ಆರನೆಯ ಒಂದು ಪಾಲು. ಒಟ್ಟು ಮೊತ್ತವನ್ನು 24 ಎಂದು ಹಿಡಿದರೆ ಈ ಜೋಡಿಗಳು 8, 6, 4 ಆಗುತ್ತವೆ. ಇವುಗಳ ಮೊತ್ತವಾದ 18ರಲ್ಲಿ ಪ್ರತಿಯೊಬ್ಬನೂ ಎರಡು ಸಲ ಎಣಿಕೆಯಾಗಿರುವುದರಿಂದ ಮೂವರ ಹಣ 9, ಚೀಲದ ಹಣ 15, ಬಿಡಿಬಿಡಿಯಾಗಿ ವರ್ತಕರಲ್ಲಿದ್ದದ್ದು 1, 3, 5. ಬೀಜಗಣಿತದ ಅಕ್ಷರವೊಂದನ್ನೂ ಬಳಸದೆ, ಕೇಳಿದ ಮಾತನ್ನೇ ತಿರುಗಿಸಿ ಓದಿದ್ದರಿಂದ ಉತ್ತರ ದೊರೆಯಿತು. ಬೇಕಾದ ಸಂಗತಿಯನ್ನು ಬಚ್ಚಿಟ್ಟು ಸೋಲಿಸುವ ಪ್ರಶ್ನೆಯನ್ನು ಈ ಸಾಲಿಗೆ ಸೇರಿಸಲಾಗದು.

ಗಣಿತವನ್ನು ಕನ್ನಡದಲ್ಲಿ ಬರೆದ ಮೊದಲಿಗರಲ್ಲಿ ಎಣಿಸಲ್ಪಡುವ, 12ನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ದಿಂದ ಇಂಥ ಲೆಕ್ಕಗಳಿಗೆ ಕನ್ನಡದ ನುಡಿಗಟ್ಟೂ ದೊರೆಯಿತು. ಇಷ್ಟಿದ್ದೂ ಇಂದಿನ ಪತ್ರಿಕೆಗಳಲ್ಲಿ ಬರುವ ಸಮಸ್ಯೆಗಳು ಬಹುಪಾಲು ಇಂಗ್ಲಿಷಿನಿಂದ ಬಂದವು. ಲೆಕ್ಕ ಭಾಷೆ ದಾಟಿದರೂ ಉಳಿಯುತ್ತದೆ, ಶ್ಲೇಷೆ ಉಳಿಯುವುದಿಲ್ಲ. ಕನ್ನಡದ ಸಂಖ್ಯಾಪದಗಳಲ್ಲೇ ಎಷ್ಟೊಂದು ಶ್ಲೇಷೆಯಿದೆ: ಆರು ಎಂದರೆ ದೀಪ ನಂದುವುದೂ ಹೌದು, ಏಳು ಎಂದರೆ ಎದ್ದು ನಿಲ್ಲುವುದೂ ಹೌದು, ಹತ್ತು ಎಂದರೆ ಮೇಲೇರುವುದೂ ಹೌದು. ನಾಲ್ಕು ಕಾಲು ಕೂಡಿದರೆ ಒಂದಾಗುವುದಾದರೆ ಮನುಷ್ಯ ಎಷ್ಟು ಎಂಬ ಪ್ರಶ್ನೆಗೆ ಅರ್ಧ ಎಂಬ ಉತ್ತರ ಕನ್ನಡದಲ್ಲಿ ಹೊಳೆಯುವಷ್ಟು ಸಹಜವಾಗಿ ಇಂಗ್ಲಿಷಿನಲ್ಲಿ ಹೊಳೆಯಲಾರದು. ಅಕ್ಷರಗಳ ಆಟವೂ ಹೀಗೆಯೇ: ಮೂರಕ್ಷರದ ಜನವಸತಿಯೊಂದರ ನಡುವಿನ ಅಕ್ಷರವನ್ನು ತೆಗೆದರೆ ಮನುಷ್ಯ, ಕೊನೆಯದನ್ನು ತೆಗೆದರೆ ಒಡವೆ ಉಳಿಯುವುದಾದರೆ ಅದು ನಗರವೇ ಆಗಬೇಕು.

ಈ ಕಾರಣದಿಂದ ಇಂಥ ಸಮಸ್ಯೆಗಳು ಈ ಸಂಚಿಕೆಯಿಂದ ಕವಿತೆ, ಪ್ರಬಂಧಗಳ ನಡುವೆಯೇ ಪ್ರಕಟವಾಗಲಿವೆ. ಕನ್ನಡದಲ್ಲೇ ಹುಟ್ಟಿದವುಗಳಿಗೆ ಆದ್ಯತೆಯಿರುತ್ತದೆ. ಬರೆದು ಕಳುಹಿಸುವವರು ಉತ್ತರದೊಂದಿಗೆ ಬಿಡಿಸುವ ದಾರಿಯನ್ನೂ ವಿವರಿಸಬೇಕು. ಒಂದಕ್ಕಿಂತ ಹೆಚ್ಚು ಉತ್ತರ ಸಾಧ್ಯವಿದ್ದರೆ ಅದನ್ನೂ ಕಾಣಿಸಬೇಕು, ಏಕೆಂದರೆ ಮೂವರು ವರ್ತಕರ ಹಣವನ್ನೂ ಚೀಲದ ಹಣವನ್ನೂ ಇಮ್ಮಡಿಸಿ 2, 6, 10, 30 ಎಂದಿಟ್ಟರೂ ಅವರ ಮೂರು ಮಾತುಗಳು ನಿಜವಾಗಿಯೇ ಉಳಿಯುತ್ತವೆ.