ಬಾಳೆಗೆ ತಪ್ಪಿದ ಹಂಚಿಕೆ

ವಿಜಯನಗರದ ಅರಸರ ಕಾಲದ ತುರ್ತಾ ಕಾಲುವೆ ಹಂಪಿಯ ಬಾಳೆ ತೋಟಗಳಿಗೆ ಇವತ್ತಿಗೂ ನೀರುಣಿಸುತ್ತಿದೆ. ಆ ತೋಟಗಳಲ್ಲಿ ಯಾರೂ ಬಾಳೆಯ ಬೀಜ ಬಿತ್ತುವುದಿಲ್ಲ. ತಾಯಿಗಿಡದ ಬುಡದ ಕಂದು ಕಿತ್ತು ನೆಡುತ್ತಾರೆ. ಬಿತ್ತೋಣವೆಂದರೆ ಬೀಜವೆಲ್ಲಿದೆ? ಪಚ್ಚಬಾಳೆ ಹಣ್ಣನ್ನು ಅಡ್ಡಕ್ಕೆ ಕೊಯ್ದು ನೋಡಿ: ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಬೀಜವಾಗಬೇಕಿದ್ದದ್ದು ಅಷ್ಟಕ್ಕೇ ನಿಂತಿದೆ.

ಬೀಜ ಕಟ್ಟಲು ಪರಾಗವೂ ಬೇಕು, ಅಂಡವೂ ಬೇಕು. ಅವೆರಡೂ ಹುಟ್ಟುವುದು ಮಿಯಾಸಿಸ್ ಎಂಬ ಕೋಶವಿಭಜನೆಯಿಂದ. ತಾಯಿಯ ಕಡೆಯ ವರ್ಣತಂತು ತಂದೆಯ ಕಡೆಯ ತನ್ನ ಜೊತೆಗಾರನನ್ನು ಹುಡುಕಿ ಪಕ್ಕಕ್ಕೆ ಬಂದು ಕೂಡುತ್ತದೆ. ಎರಡೂ ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡು, ಆಮೇಲೆ ಬೇರ್ಪಟ್ಟು ಅರ್ಧಕ್ಕರ್ಧ ಹಂಚಿಹೋಗುತ್ತವೆ. ಯಾವ ಜೋಡಿಯಲ್ಲಿ ಯಾರು ಯಾವ ಕಡೆಗೆ ಎಂಬುದಕ್ಕೆ ಕಟ್ಟುಪಾಡಿಲ್ಲ. ಮನುಷ್ಯನ 23 ಜೋಡಿಗಳಲ್ಲಿ ಈ ಹಂಚಿಕೆಯೊಂದರಿಂದಲೇ 83,88,608 ಬಗೆ. ಹೆಚ್ಚೂಕಡಿಮೆ ಎಂಬತ್ತನಾಲ್ಕು ಲಕ್ಷ! ಹಂಪಿಯ ಪುರಂದರ ಮಂಟಪದಲ್ಲಿ ಕೂತವರಿಗೆ ಈ ಅಂಕಿ ಕೇಳಿ ಎಂಬತ್ತನಾಲ್ಕು ಲಕ್ಷ ಜನ್ಮಗಳ ಮಾತು ನೆನಪಾದೀತು. ಬರೀ ಕಾಕತಾಳೀಯ, ಹಿರಿಯರಿಗೆ ಮೊದಲೇ ಗೊತ್ತಿತ್ತೆಂದು ವಾಟ್ಸಾಪಿನಲ್ಲಿ ಹರಿಬಿಡಬೇಡಿ. ತುಂಡುಗಳ ಅದಲುಬದಲನ್ನೂ ಸೇರಿಸಿದರಂತೂ ಬಗೆಗಳು ಲೆಕ್ಕಕ್ಕೇ ಸಿಗವು.

ಪಚ್ಚಬಾಳೆಯಲ್ಲಿ ವರ್ಣತಂತುಗಳು 33, ಹನ್ನೊಂದರ ಮೂರು ಗುಂಪು. ಜೋಡಿಯಾಗಹೊರಟರೆ ಮೂರನೆಯದು ಒಂಟಿ. ಹಂಚಿಕೆ ಕೆಡುತ್ತದೆ, ಬೀಜ ನಿಲ್ಲುತ್ತದೆ. ತಿನ್ನುವವರಿಗೆ ಸುಖ, ಗಿಡಕ್ಕೆ ಮಾತ್ರ ತನಗಿಂತ ಬೇರೆಯಾದ ಸಂತಾನವಿಲ್ಲ. ಕಳೆದ ಶತಮಾನದ ನಡುವಿಗೆ ಮಧ್ಯ ಅಮೆರಿಕದ ರಫ್ತು ತೋಟಗಳಲ್ಲಿ ಗ್ರೋ ಮಿಷೆಲ್ ಬಾಳೆಯನ್ನು ಪನಾಮಾ ಸೊರಗು ರೋಗ ನೆಲಕಚ್ಚಿಸಿದ್ದು ಹೀಗೆಯೇ. ಒಂದು ಗಿಡ ತಾಳದ್ದನ್ನು ಯಾವ ಗಿಡವೂ ತಾಳಲಿಲ್ಲ. ನಮ್ಮ ಏಲಕ್ಕಿ ಬಾಳೆಗೂ ಆ ರೋಗದ ಕಾಟ ತಪ್ಪಿಲ್ಲ.

ಕಂಪ್ಲಿಯ ಕಬ್ಬನ್ನೂ ತುಂಡು ನೆಟ್ಟೇ ಬೆಳೆಯುತ್ತಾರೆ. ಆದರೆ ಕಬ್ಬು ಸೂಲಂಗಿ ಬಿಟ್ಟರೆ ಬೀಜ ಕಟ್ಟಬಲ್ಲದು. 1912ರಲ್ಲಿ ಶುರುವಾದ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ವಿಜ್ಞಾನಿಗಳಾದ ಬಾರ್ಬರ್ ಮತ್ತು ವೆಂಕಟರಾಮನ್ ಹೊಲದ ಕಬ್ಬನ್ನು ಕಾಡುಕಬ್ಬಿನ ಜೊತೆ ಕೂಡಿಸಿ ಸಿಒ-205 ತಳಿ ತೆಗೆದದ್ದು ಈ ಗುಣದಿಂದಲೇ. ಈಗ ರೈತರ ಬಾಯಲ್ಲಿರುವ ಸಿಒ-86032 ಕೂಡ ಕೊಯಮತ್ತೂರಿನದೇ. ಬಾಳೆಗೆ ಈ ದಾರಿ ಬಲು ಕಿರಿದು.

ಅಂಗಾಂಶ ಕೃಷಿಯ ಸಸಿ ತಂದು ನಿಶ್ಚಿಂತರಾದವರಿಗೊಂದು ಮಾತು. ಸಸಿ ರೋಗವಿಲ್ಲದೆ ಬಂದಿರಬಹುದು, ರೋಗ ತಡೆಯುವ ಹೊಸ ಗುಣವೇನೂ ಅದರಲ್ಲಿಲ್ಲ. ಹಳೇ ಕಂದಿನ ವಂಶವೇ ಅದು. ಇಡೀ ತೋಟವನ್ನು ಒಂದೇ ತಳಿಗೆ ಒಪ್ಪಿಸಬೇಡಿ.